ಮನದ ಚಿಂತೆ, ಮಿದುಳಿನ ಹಾರ್ಮೋನು

ಚಿಂತೆಗೂ ಚಿತೆಗೂ ನಡುವೆ ಒಂದು ಸೊನ್ನೆಯಷ್ಟೇ ಅಂತರವೆಂಬುದು ಹಿರಿಯರ ಮಾತು. ಚಿಂತೆಯು ಮಿದುಳಿನ ಜೀವಕೋಶಗಳೊಳಗಿನ ಜೀನುಗಳ ಕಾರ್ಯವನ್ನೂ ಬದಲಿಸಬಲ್ಲದೆಂದು ವಿಜ್ಞಾನವು ಈಗ ಕಂಡುಕೊಂಡಿದೆ.

ಮಿದುಳಿನ ತಳದಲ್ಲಿ ಹೈಪೋಥಲಮಸ್ ಎಂಬ ಪುಟ್ಟ ಭಾಗವಿದೆ. ಹಸಿವಿನ ಕೇಂದ್ರವು ಇಲ್ಲಿದೆಯೆಂದು 1951ರಲ್ಲಿ ಬ್ರೋಬೆಕ್ ಅವರೊಡನೆ ತೋರಿಸಿಕೊಟ್ಟ ಡಾ. ಬಿ. ಕೆ. ಆನಂದ್ ಅವರೇ ಮುಂದೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಶರೀರಕ್ರಿಯಾಶಾಸ್ತ್ರ ವಿಭಾಗವನ್ನು ಕಟ್ಟಿದರು. ಭಯ, ದುಃಖಗಳು ಒದಗಿದಾಗ ಇದೇ ಹೈಪೋಥಲಮಸಿನಲ್ಲಿ ಸಿ.ಆರ್.ಎಚ್. ಎಂಬ ಹಾರ್ಮೋನಿನ ಜೀನು ಚುರುಕಾಗುತ್ತದೆ. ಈ ಹಾರ್ಮೋನಿನ ರಚನೆಯನ್ನು 1981ರಲ್ಲಿ ವೈಲಿ ವೇಲ್ ಮತ್ತು ಸಂಗಡಿಗರು ಪ್ರಕಟಿಸಿದರು. ಇದು ಪಿಟ್ಯೂಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ. ಪಿಟ್ಯೂಟರಿಯು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಎಚ್ಚರಿಸುತ್ತದೆ. ಅವು ಕಾರ್ಟಿಸಾಲನ್ನು ರಕ್ತಕ್ಕೆ ಸುರಿಸುತ್ತವೆ. ಅಪಾಯದ ಗಳಿಗೆಯಲ್ಲಿ ಇದು ರಕ್ಷೆಯೇ ಸರಿ. ಸಾಕಷ್ಟಾದೊಡನೆ ಕಾರ್ಟಿಸಾಲೇ ಮಿದುಳಿಗೆ ಮರಳಿ ಆ ಜೀನನ್ನು ತಣಿಸುತ್ತದೆ. ಆದರೆ ಒತ್ತಡವು ತಿಂಗಳುಗಟ್ಟಲೆ ಮುಂದುವರಿದರೆ ಈ ಹತೋಟಿ ಸಡಿಲಗೊಳ್ಳಬಹುದು. ನಿದ್ರೆ ಕೆಡಬಹುದು, ರಕ್ತದ ಸಕ್ಕರೆ ಮತ್ತು ಒತ್ತಡ ಏರಬಹುದು.

ಇಲ್ಲಿ ಬದಲಾಗುವುದು ಜೀನಲ್ಲ, ಅದರ ಬಳಕೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2004ರಲ್ಲಿ ಇಲಿಗಳ ಮೇಲಿನ ಒಂದು ಪ್ರಯೋಗವನ್ನು ಪ್ರಕಟಿಸಿದರು. ತಾಯಿ ಹೆಚ್ಚಾಗಿ ನೆಕ್ಕಿ ಸಲಹಿದ ಮರಿಗಳ ಮಿದುಳಿನಲ್ಲಿ, ಒತ್ತಡದ ಹಾರ್ಮೋನನ್ನು ಗ್ರಹಿಸುವ ಜೀನು ಹೆಚ್ಚು ಚುರುಕಾಗಿತ್ತು. ಬೆಳೆದ ಮೇಲೆ ಅವು ಒತ್ತಡವನ್ನು ಚೆನ್ನಾಗಿ ತಾಳಿಕೊಂಡವು. ಸಾಕುತಾಯಿಯ ಆರೈಕೆಯೂ ಅದೇ ಫಲ ಕೊಟ್ಟಿತು. ಇಲಿಯ ಮಾತನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಅಕ್ಕರೆಯ ಪ್ರಭಾವ ಎಷ್ಟು ಆಳಕ್ಕಿಳಿಯಬಲ್ಲದೆಂಬುದಕ್ಕೆ ಇದು ಸಾಕ್ಷಿ.

ರಾಜಧಾನಿಯ ಕನ್ನಡಿಗರು ಇದನ್ನು ವಿಶೇಷವಾಗಿ ಮನಗಾಣಬೇಕು. ಮಗನ ಉದ್ಯೋಗದ ನಿಮಿತ್ತ ಹಾಸನದಿಂದಲೋ ಧಾರವಾಡದಿಂದಲೋ ಹೊರಟು ನೋಯಿಡಾ, ಗುರುಗ್ರಾಮಗಳ ಬಹುಮಹಡಿ ಮನೆ ಸೇರುವ ವೃದ್ಧ ತಾಯಂದಿರಿದ್ದಾರೆ. ಹಿಂದಿ ಬಾರದು, ಹಗಲೆಲ್ಲ ಮಾತಿಗೆ ಜನವಿಲ್ಲ. ನಿದ್ರೆ ಬಾರದೆಂದರೆ ವಯಸ್ಸಾಯಿತೆನ್ನುತ್ತಾರೆ. ಸಕ್ಕರೆ ಏರಿದರೆ ಮಾತ್ರೆಯನ್ನು ಹೆಚ್ಚಿಸುತ್ತಾರೆ. ಮಾತ್ರೆ ಬೇಕು, ಬಿಡಬಾರದು. ಆದರೆ “ಬೇಸರವೇನಮ್ಮಾ?” ಎಂದು ಕೇಳುವವರೂ ಬೇಕು.

ಕನ್ನಡ ಸಂಘಗಳು ಆಸ್ಪತ್ರೆಗಳಲ್ಲವೆಂದು ಕೆಲವರು ಆಕ್ಷೇಪಿಸಬಹುದು. ನಿಜ, ಆದರೆ ತಾಯ್ನುಡಿಯ ಮಾತು ಯಾವ ಔಷಧದಂಗಡಿಯಲ್ಲೂ ದೊರೆಯದು. ರಾಜ್ಯೋತ್ಸವ, ನಾಟಕಗಳ ಜೊತೆಗೆ, ಬಡಾವಣೆಗೊಂದರಂತೆ ಹಿರಿಯರ ಪಟ್ಟಿ ಮಾಡಿ, ವಾರಕ್ಕೊಮ್ಮೆ ಯಾರಾದರೊಬ್ಬ ಕನ್ನಡಿಗರು ಅವರ ಮನೆಗೆ ಹೋಗಿ ಬರುವ ಏರ್ಪಾಡು ದುಬಾರಿಯದಲ್ಲ. ಕೊರಗು ವಾರಗಟ್ಟಲೆ ಉಳಿದರೆ ವೈದ್ಯರ ಸಲಹೆ ಅಗತ್ಯ. 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳಾಗಿರುವ ಟೆಲಿ ಮಾನಸ್ ಸೇವೆಯನ್ನು 14416ರಲ್ಲಿ ಉಚಿತವಾಗಿ ಸಂಪರ್ಕಿಸಿ ಕನ್ನಡದಲ್ಲಿಯೇ ಮಾತನಾಡಬಹುದು.

ಹುಟ್ಟಿದ ಊರನ್ನು ದೆಹಲಿಗೆ ತರಲು ಯಾರಿಂದಲೂ ಆಗದು. ನೆರೆಮನೆಯ ಕನ್ನಡದ ಅಜ್ಜಿಯ ಬಾಗಿಲು ತಟ್ಟಲು ಎಲ್ಲರಿಂದಲೂ ಆದೀತು.