ಪೀಪಾಯಿಯ ಹಿಂದಿನ ಹೆಂಗಸರು

"ಇಂಗ್ಲೆಂಡಿಗೆ ಹೋಗಿ ಹೆಂಡದಂಗಡಿಯ ಮಹಡಿಯಲ್ಲಿ ಮಲಗಿ ಬಂದಿರಾ ಮೇಡಂ?" ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮಗಳ ಮನೆಗೆಂದು ಹೋದವಳು ಅಲ್ಲಿನ ಒಂದು ಹಳ್ಳಿಯ ಹಳೇ 'ಕೋಚಿಂಗ್ ಇನ್'ನಲ್ಲಿ ಒಂದು ರಾತ್ರಿ ತಂಗಿದ್ದು ನಿಜ. ಕೆಳಗೆ ಏಲ್ ಎಂಬ ಬಿಯರು, ಮೇಲೆ ಮಲಗುವ ಕೋಣೆಗಳು. ಆದರೆ 2007ರಲ್ಲಿ ಮುಚ್ಚಿಹೋದ ನಮ್ಮ ಸಾರಾಯಿ ಅಂಗಡಿಗೆ ಅದನ್ನು ಹೋಲಿಸಬೇಡಿ. ಛತ್ರ, ಕುದುರೆ ಲಾಯ, ಬಸ್ ಸ್ಟ್ಯಾಂಡು ಮೂರೂ ಒಂದೇ ಸೂರಿನಡಿ ಇದ್ದ ಜಾಗ ಅದು. 1784ರಲ್ಲಿ ಬ್ರಿಸ್ಟಲ್‌ನಿಂದ ಲಂಡನ್ನಿಗೆ ಮೊದಲ ಟಪಾಲು ಸಾರೋಟು ಓಡಿತು. ಹತ್ತು ಹನ್ನೆರಡು ಮೈಲಿಗೊಮ್ಮೆ ಕುದುರೆ ಬದಲಿಸಬೇಕು, ಪ್ರಯಾಣಿಕರಿಗೆ ಊಟವಾಗಬೇಕು, ರಾತ್ರಿಯಾದರೆ ಹಾಸಿಗೆ ಬೇಕು. ಸಾರೋಟು ನುಗ್ಗುವಷ್ಟು ಎತ್ತರದ ಕಮಾನು, ಒಳಗೆ ಅಂಗಳ. 1830ರ ನಂತರ ರೈಲು ಹಬ್ಬಿ ಈ ಕಸುಬಿನ ಬೆನ್ನು ಮುರಿಯಿತು. ಈಗ ಆ ಅಂಗಳದಲ್ಲಿ ಕಾರು ನಿಲ್ಲಿಸುತ್ತಾರೆ.

ನನ್ನ ಜಗಳ ಕುಡಿತದ ಮೇಲಲ್ಲ, ಅದಕ್ಕೆ ಬೇರೆ ಪ್ರಬಂಧವೇ ಬೇಕು. ಜಗಳ ಇರುವುದು ಬಾಗಿಲ ಪಕ್ಕದ ಹಲಗೆಯ ಮೇಲೆ. ಮಾಲೀಕರ ಹೆಸರು, ಬಂದಿಳಿದ ದೊಡ್ಡ ಮನುಷ್ಯರ ಹೆಸರು, ಕೊನೆಗೆ ದಾರಿಗಳ್ಳನೊಬ್ಬನ ಹೆಸರು ಕೂಡ. ಎರಡು ಸಲ ಓದಿದೆ. ಒಬ್ಬ ಹೆಂಗಸೂ ಇಲ್ಲ!

ಕಳ್ಳನಿಗೆ ಇರುವ ಜಾಗ ಹೆಂಗಸಿಗೆ ಯಾಕಿಲ್ಲ? ಏಲ್ ಹುಟ್ಟಿದ್ದೇ ಅವಳ ಅಡುಗೆಮನೆಯಲ್ಲಿ. ಹದಿನಾಲ್ಕನೇ ಶತಮಾನದ ನಡುವಿನವರೆಗೂ ಇಂಗ್ಲೆಂಡಿನ ಹಳ್ಳಿಗಳಲ್ಲಿ ಏಲ್ ಮಾಡುತ್ತಿದ್ದವರು ಬಹುಪಾಲು ಹೆಂಗಸರು. ನಾಲ್ಕಾರು ದಿನಕ್ಕೆ ಹುಳಿಯಾಗುವ ಪಾನೀಯ, ನಮ್ಮ ದೋಸೆಹಿಟ್ಟಿನ ಹಾಗೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಮಾರುತ್ತಿದ್ದರು. ಬಾಗಿಲಿಗೆ ಒಂದು ಕೋಲು ನೆಟ್ಟರೆ ಏಲ್ ಸಿದ್ಧ ಎಂದು ಊರಿಗೆ ತಿಳಿಯುತ್ತಿತ್ತು. ವಿಧವೆಗೆ ಅದೇ ಎರಡು ಕಾಸು. ಆಮೇಲೆ ಸಮುದ್ರದಾಚೆಯಿಂದ ಹಾಪ್ಸ್ ಎಂಬ ಕಹಿ ಹೂವು ಬಂತು. ಅದನ್ನು ಹಾಕಿದ ಬಿಯರು ಬಹುದಿನ ಕೆಡದು, ದೂರಕ್ಕೂ ಸಾಗಿಸಬಹುದು. ದೊಡ್ಡ ಹಂಡೆ ಬೇಕು, ಬಂಡವಾಳ ಬೇಕು, ಸಾಲ ಕೊಡುವವರು ಬೇಕು. ಹೆಂಗಸಿಗೆ ಸಾಲ ಕೊಡುವವರು ಯಾರು? 1600ರ ಹೊತ್ತಿಗೆ ಕಸುಬು ಗಂಡಸರದಾಗಿತ್ತು. ಲಾಭವಿಲ್ಲದಿದ್ದಾಗ ಮನೆಗೆಲಸ, ಲಾಭ ಬಂದಾಗ ಉದ್ಯಮ! ಆದರೂ ಏಲ್ ಮಾಡುವ ಹೆಂಗಸಿಗಿದ್ದ 'ಬ್ರೂಸ್ಟರ್' ಎಂಬ ಹೆಸರು, ಮದ್ಯದ ಲೈಸೆನ್ಸು ಕೊಡುತ್ತಿದ್ದ ನ್ಯಾಯಾಧೀಶರ ವಾರ್ಷಿಕ ಸಭೆಗೆ 2005ರವರೆಗೂ ಅಂಟಿಕೊಂಡಿತ್ತು. ಹೆಂಗಸು ಹೋದಳು, ಹೆಸರು ಕಾಗದದಲ್ಲಿ ಉಳಿಯಿತು.

ಸ್ಟಿಲ್ಟನ್ ಎಂಬ ಹಳ್ಳಿಯ ಕಥೆಯೂ ಇದೇ. ಅಲ್ಲಿನ ಬೆಲ್ ಇನ್‌ನಲ್ಲಿ ಸಾರೋಟಿನ ಪ್ರಯಾಣಿಕರಿಗೆ ಮಾರಿದ್ದರಿಂದ ಒಂದು ಚೀಸ್‌ಗೆ ಊರಿನ ಹೆಸರೇ ಬಂತು. ಅದನ್ನು ಹದಕ್ಕೆ ತಂದವಳು ಲೆಸ್ಟರ್‌ಶೈರಿನ ಫ್ರಾನ್ಸಿಸ್ ಪಾಲೆಟ್ ಎಂಬ ಹೆಂಗಸು ಎನ್ನುತ್ತಾರೆ. ಜಗತ್ತಿಗೆ ಗೊತ್ತಿರುವುದು ಊರಿನ ಹೆಸರು, ಅವಳದಲ್ಲ. ತಮಾಷೆಯೆಂದರೆ 1996ರಿಂದ ಕಾನೂನು ಆ ಚೀಸನ್ನು ಮೂರು ಕೌಂಟಿಗಳಿಗೆ ಮೀಸಲಿಟ್ಟಿದೆ. ಸ್ಟಿಲ್ಟನ್ ಆ ಮೂರರಲ್ಲಿ ಇಲ್ಲ!

ಈಗ 'ರಿಯಲ್ ಏಲ್' ಎಂದು ಹೆಮ್ಮೆಯಿಂದ ಬರೆದಿರುತ್ತಾರೆ. ಪೀಪಾಯಿಯಲ್ಲೇ ಎರಡನೇ ಸಲ ಹುದುಗು ಬರಬೇಕು, ಗ್ಯಾಸು ತುಂಬಬಾರದು, ಸಾಮಾನ್ಯವಾಗಿ ಕೈಪಂಪಿನಿಂದ ಎಳೆದು ಕೊಡುತ್ತಾರೆ. ಕಂಪನಿಗಳ ಗ್ಯಾಸು ತುಂಬಿದ ಬಿಯರಿನಿಂದ ರೋಸಿದ ನಾಲ್ವರು ಗಂಡಸರು 1971ರಲ್ಲಿ ಚಳುವಳಿ ಹೂಡಿ ಇದನ್ನು ಉಳಿಸಿದರು. ಒಳ್ಳೆಯದೇ ಮಾಡಿದರು. ಆದರೆ ಅವರು ಏಲ್ ಉಳಿಸುತ್ತಿದ್ದ ಕಾಲದಲ್ಲೇ ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಎಲ್ ವಿನೋದಲ್ಲಿ ಹೆಂಗಸು ಕೌಂಟರಿನ ಮುಂದೆ ನಿಂತು ಗ್ಲಾಸು ಕೇಳುವಂತಿರಲಿಲ್ಲ, ಹಿಂದಿನ ಕೋಣೆಯಲ್ಲಿ ಕೂರಬೇಕಿತ್ತು. ಇಬ್ಬರು ಮಹಿಳೆಯರು ಕೋರ್ಟಿಗೆ ಹೋಗಿ 1982ರಲ್ಲಿ ಗೆದ್ದರು. ತಾನೇ ಕಲಿಸಿಕೊಟ್ಟ ವಸ್ತುವನ್ನು ನಿಂತು ಕೇಳಲು ಅವಳಿಗೆ ಅಪೀಲು ಬೇಕಾಯಿತು.

"ಹೆಂಡ ಮಾಡಿದ್ದೂ ಒಂದು ಹೆಮ್ಮೆಯೇ?" ಎಂದು ನೀವು ಕೇಳಬಹುದು. ಹೆಮ್ಮೆಯೋ ಅಲ್ಲವೋ, ದುಡಿಮೆಯಂತೂ ಹೌದು. ಸಾರೋಟಿನಿಂದ ಇಳಿದವರಿಗೆ ಬಿಸಿನೀರು ಹೊತ್ತವಳು, ಅವರ ಹಾಸಿಗೆ ಕೊಡವಿದವಳು, ಬೆಳಗ್ಗೆ ಅವರಿಗಿಂತ ಮುಂಚೆ ಎದ್ದು ಒಲೆ ಹಚ್ಚಿದವಳು ಇತಿಹಾಸದಲ್ಲಿ ಇಲ್ಲ ಎಂದರೆ ಆ 'ಐತಿಹಾಸಿಕ' ಎಂಬ ಮಾತಿಗೆ ಅರ್ಥವೇನು?

ಬೆಳಗ್ಗೆ ಹೊರಡುವಾಗ ಕೌಂಟರಿನ ಹುಡುಗನನ್ನು ಮಗಳ ಬಾಯಲ್ಲಿ ಕೇಳಿಸಿದೆ, ಈ ಇನ್ನನ್ನು ಯಾವ ಹೆಂಗಸಾದರೂ ನಡೆಸಿದ್ದಳೇ ಎಂದು. ಅವನು ಪಾಪ ಹಲಗೆಯ ಕಡೆ ತಿರುಗಿ ನೋಡಿದ.