ಅಂಗಡಿಯ ಸದ್ದು, ಮನೆಯ ಕಿವಿ

ಸೀರೆಯನ್ನು ಹಗಲ ಬೆಳಕಿಗೆ ಹಿಡಿದು ನೋಡದೆ ಕೊಳ್ಳದ ಗೃಹಿಣಿ, ಅಕ್ಕಿಯ ಕಾಳನ್ನು ಹಲ್ಲಿಗೆ ಕಚ್ಚಿ ನೋಡದೆ ಮೂಟೆ ಹೊರಿಸದ ಗೃಹಸ್ಥ, ಇಬ್ಬರೂ ಹಜಾರಕ್ಕೆ ಹೊಸ ಸ್ಪೀಕರುಗಳನ್ನು ಆರಿಸುವಾಗ ಮಾತ್ರ ತಮ್ಮ ಪರೀಕ್ಷಾಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಹೋಗುವುದುಂಟು. ಅಂಗಡಿಯವನು ಗುಂಡಿ ತಿರುಗಿಸುತ್ತಾನೆ, ಗಾಜಿನ ಬಾಗಿಲು ಅದುರುತ್ತದೆ, ಎದೆ ಝಲ್ಲೆನ್ನುತ್ತದೆ, ರಸೀತಿ ಸಿದ್ಧವಾಗುತ್ತದೆ. ಸದ್ದು ದೊಡ್ಡದಾದರೆ ಧ್ವನಿಯೂ ಉತ್ತಮವೆಂಬ ಭ್ರಮೆಗೆ ಒಳಗಾಗದವರು ವಿರಳ.

ತುಮಕೂರು ಸೀಮೆಯವರಿಗಂತೂ ಈ ಭ್ರಮೆ ಇರಬೇಕಾಗಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ಮೊದಲ ತಲೆಮಾರಿನ ನಟರು ಮೈಕಿನ ನೆರವಿಲ್ಲದೆಯೇ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಮುಟ್ಟಿಸಬೇಕಾಗಿತ್ತು. ಇಂದಿನ ಬಹುತೇಕ ಸ್ಪೀಕರುಗಳಿಗೆ ಮೂಲವಾದ ರಚನೆಯನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಂಜಿನಿಯರುಗಳು ಪ್ರಕಟಿಸಿದುದು 1925ರಲ್ಲಿ. ಅದಕ್ಕೆ ಮುಂಚಿನ ರಂಗಭೂಮಿಯಲ್ಲಿ ಬರಿಯ ಕೂಗು ಸಾಲುತ್ತಿರಲಿಲ್ಲ. ಅಕ್ಷರ ಅಕ್ಷರವೂ ಸ್ಪಷ್ಟವಾಗಿರಬೇಕಿತ್ತು. ಮನೆಯ ಸ್ಪೀಕರಿಗೂ ಮೊದಲ ಪರೀಕ್ಷೆ ಅದೇ.

ತುಮಕೂರಿನ ಅಂಚಿನ ಸತ್ಯಮಂಗಲದಲ್ಲಿ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಮಗ ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಉದ್ಯೋಗಿ. ಮೊಮ್ಮಗಳಿಗೆ ಚಿತ್ರಗೀತೆ, ಸೊಸೆಗೆ ಭಾವಗೀತೆ, 75 ದಾಟಿದ ತಾತನಿಗೆ ಆಕಾಶವಾಣಿಯ ವಾರ್ತೆ ಮತ್ತು ಹರಿಕಥೆ ಪ್ರಿಯ. ಹಳೆಯ ಸ್ಪೀಕರು ಗೊರಗೊರ ಎನ್ನತೊಡಗಿದೆ. ಆಂಪ್ಲಿಫೈಯರ್ ಸರಿಯಾಗಿಯೇ ಇದೆ. ಮಗನ ಕಣ್ಣು ಎದೆಯೆತ್ತರದ ಒಂದು ಜೋಡಿಯ ಮೇಲೆ. ತಾತನ ದೂರು ಬೇರೆ: "ಸದ್ದು ಕೇಳಿಸುತ್ತದೆ ಕಣಪ್ಪಾ, ಮಾತು ತಿಳಿಯುವುದಿಲ್ಲ."

ಆ ಒಂದು ಮಾತಿನಲ್ಲಿ ಇಡೀ ಸಮಸ್ಯೆ ಅಡಗಿದೆ. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಕುಂದುವುದು ತಾರಸ್ವರಗಳನ್ನು ಗ್ರಹಿಸುವ ಶಕ್ತಿ. ಸ, ಶ, ತ ಮುಂತಾದ ವ್ಯಂಜನಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಬೇಕಾದ ಸುಳಿವು ಹೆಚ್ಚಾಗಿ ಇರುವುದೂ ಅಲ್ಲಿಯೇ, ಸೆಕೆಂಡಿಗೆ 2000ಕ್ಕೂ ಮೇಲ್ಪಟ್ಟ ಕಂಪನಗಳಲ್ಲಿ. ಮಂದ್ರಧ್ವನಿ ಮಿತಿಮೀರಿ ಉಬ್ಬಿದರೆ ಈ ಸೂಕ್ಷ್ಮಗಳು ಅದರಡಿಯಲ್ಲಿ ಮುಳುಗುತ್ತವೆ. ಸದ್ದು ಏರಿಸಿದರೆ ಮೊಮ್ಮಗಳ ಕಿವಿ ಗಡಚಿಕ್ಕುತ್ತದೆಯೇ ಹೊರತು ತಾತನಿಗೆ ವಾರ್ತೆ ತಿಳಿಯುವುದಿಲ್ಲ. ಕ್ರಮೇಣ ಅವರು ಹಜಾರದಿಂದೆದ್ದು ತಮ್ಮ ಕೋಣೆ ಸೇರುತ್ತಾರೆ. ಎಲ್ಲರನ್ನೂ ಒಂದೆಡೆ ಕೂಡಿಸಲೆಂದು ತಂದ ವಸ್ತು ಒಬ್ಬರನ್ನು ಹೊರಗೆ ಕಳುಹಿಸಿದಂತಾಗುತ್ತದೆ.

ದೊಡ್ಡ ಪೆಟ್ಟಿಗೆಗೆ ಹಜಾರವೂ ಒಪ್ಪಬೇಕು. ಉದ್ದ, ಅಗಲ, ಎತ್ತರ ಮೂರೂ 10 ಅಡಿ ಇರುವ ಕೋಣೆಯಲ್ಲಿ ಸೆಕೆಂಡಿಗೆ ಸುಮಾರು 56 ಕಂಪನಗಳ ಧ್ವನಿ ಮೂರು ದಿಕ್ಕಿನಲ್ಲಿಯೂ ಗೋಡೆಯಿಂದ ಗೋಡೆಗೆ ಮರಳಿ ತಾನೇ ತಾನಾಗಿ ಹಿಗ್ಗುತ್ತದೆ. ಸ್ಪೀಕರನ್ನು ಮೂಲೆಗೆ ತಳ್ಳಿದರಂತೂ ಈ ಗುಂಯ್‌ಗುಡುವಿಕೆ ಇಮ್ಮಡಿಸುತ್ತದೆ. ಇಂಥ ಹಜಾರಕ್ಕೆ ಸಣ್ಣ ಪೆಟ್ಟಿಗೆಯ ಒಳ್ಳೆಯ ಜೋಡಿಯೇ ಲೇಸು. ಅದನ್ನು ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ, ಕುಳಿತವರ ಕಿವಿಯ ಮಟ್ಟಕ್ಕೆ ಇರಿಸಬೇಕು. ನೆಲಕ್ಕೊಂದು ಜಮಖಾನ, ಕಿಟಕಿಗೆ ದಪ್ಪ ಪರದೆ ಇದ್ದರೆ ಮಾತಿನ ಮೇಲೆ ಕವಿಯುವ ಮಾರ್ದನಿ ತಗ್ಗುತ್ತದೆ. ಮಂದ್ರದ ಗುಂಯ್‌ಕಾರವನ್ನು ಮಾತ್ರ ಅವು ಅಷ್ಟಾಗಿ ತಡೆಯಲಾರವು.

ಇನ್ನು ವ್ಯಾಟುಗಳ ಮೋಹ. ವ್ಯಾಟ್ ಇಮ್ಮಡಿಯಾದರೆ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಇಮ್ಮಡಿಯೆನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಆದುದರಿಂದ ವ್ಯಾಟಿನ ಜೊತೆಗೆ ಸ್ಪೀಕರಿನ ಸಂವೇದನೆಯ ಅಂಕಿಯನ್ನೂ ಕೇಳಬೇಕು. 86 ಡೆಸಿಬೆಲ್ಲಿನ ಸ್ಪೀಕರು 20 ವ್ಯಾಟಿನಲ್ಲಿ ಮಾಡುವ ಕೆಲಸವನ್ನು 89 ಡೆಸಿಬೆಲ್ಲಿನದು 10 ವ್ಯಾಟಿನಲ್ಲಿಯೇ ಮಾಡುತ್ತದೆ. ಆಂಪ್ಲಿಫೈಯರಿನ ಬೆನ್ನಿನ ಮೇಲೆ ಕನಿಷ್ಠ 8 ಓಂ ಎಂದು ಬರೆದಿದ್ದರೆ 4 ಓಂ ಸ್ಪೀಕರನ್ನು ಜೋಡಿಸಬಾರದು. ವಿದ್ಯುತ್ ಪ್ರವಾಹ ಹೆಚ್ಚಿ ಯಂತ್ರ ಕಾಯುತ್ತದೆ. ತಂತಿ ಬಿಗಿಯುವಾಗ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಲಿ. ಒಂದು ಕಡೆ ಅದಲುಬದಲಾದರೆ ಎರಡು ಸ್ಪೀಕರುಗಳ ಮಂದ್ರ ಒಂದನ್ನೊಂದು ಅಳಿಸಿಕೊಂಡು ಹೊಸ ಮಾಲೇ ಕೆಟ್ಟದ್ದೆಂಬ ಅಪವಾದಕ್ಕೆ ಗುರಿಯಾಗುತ್ತದೆ.

ಸತ್ಯಮಂಗಲದವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳು ಸುಮಾರು 70 ಕಿಲೋಮೀಟರ್ ದೂರ. ಒಪ್ಪದ ಪೆಟ್ಟಿಗೆಯನ್ನು ಹೊತ್ತು ಮರಳುವುದೆಂದರೆ ಒಂದು ದಿನದ ರಜೆ, ಹೋಗಿಬರುವ ಖರ್ಚು, ಮೇಲೆ ಅಂಗಡಿಯವನೊಡನೆ ವಾದ. ಮನೆಯಲ್ಲಿ ನುಡಿಸಿ ನೋಡಿ ಹಿಂದಿರುಗಿಸುವ ಅವಕಾಶ ಉಂಟೇ ಎಂಬುದನ್ನು ಹಣ ತೆರುವ ಮೊದಲೇ ಕೇಳಿ ರಸೀತಿಯಲ್ಲಿ ಬರೆಸಿಕೊಳ್ಳುವುದು ಜಾಣತನ. ಅಂಗಡಿಯವನು ಆರಿಸಿದ ಹಾಡಿಗೆ ಬದಲಾಗಿ ತಾವು ನೂರು ಸಲ ಕೇಳಿದ ಹಾಡೊಂದನ್ನೂ, ಪರಿಚಿತ ಕಂಠದ ಐದು ನಿಮಿಷದ ಮಾತನ್ನೂ ಒಯ್ಯಬೇಕು. ಎರಡು ಜೋಡಿಗಳನ್ನು ಹೋಲಿಸುವಾಗ ಎರಡರ ಸದ್ದೂ ಸಮನಾಗಿರಲಿ. ತುಸು ಜೋರಾಗಿ ನುಡಿದದ್ದೇ ಮೇಲೆಂದು ಕಿವಿ ಮೋಸಹೋಗುತ್ತದೆ. ಬಳಿಕ ಸದ್ದನ್ನು ಪೂರಾ ತಗ್ಗಿಸಿ ಕೇಳಬೇಕು. ಮೆಲುದನಿಯಲ್ಲಿಯೂ ಮಾತು ಬಿಡಿಬಿಡಿಯಾಗಿ ತಿಳಿದರೆ ಆ ಜೋಡಿ ಮನೆಗೆ ಬರಲು ಯೋಗ್ಯ.

ಶ್ರವಣಶಕ್ತಿ ತೀರ ಕುಂದಿದ್ದರೆ ಯಾವ ಸ್ಪೀಕರೂ ಅದನ್ನು ತುಂಬಿಕೊಡಲಾರದು. ಅದಕ್ಕೆ ಕಿವಿಯ ವೈದ್ಯರನ್ನು ಕಾಣಬೇಕು. ಉಳಿದಂತೆ, ಅಂಗಡಿಗೆ ಹೊರಡುವಾಗ ಮಗ ತನ್ನ ಸ್ನೇಹಿತರನ್ನು ಕರೆದೊಯ್ಯುವುದಕ್ಕಿಂತ ತಂದೆಯನ್ನು ಕರೆದೊಯ್ಯುವುದು ಮೇಲು. ಅವರು ಕಣ್ಣು ಮುಚ್ಚಿ ಕುಳಿತು ಇಡೀ ವಾರ್ತೆಯನ್ನು "ಏನೆಂದ?" ಎಂದು ಒಮ್ಮೆಯೂ ಕೇಳದೆ ಮುಗಿಸಿದರೆ, ಆ ಜೋಡಿಗೇ ಹಣ ತೆತ್ತು ಬಸ್ಸು ಹಿಡಿಯಬಹುದು.