ನೇರಳೆ ಹಳದಿಯಾದ ಮಾತ್ರಕ್ಕೆ…

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಊರಿಗೆ ವಿಡಿಯೋ ಕಾಲ್ ಮಾಡಿದ್ದೆ. ಅಪ್ಪ ಸ್ಟೀಲ್ ಲೋಟದಲ್ಲಿ ಏನೋ ಕುಡೀತಾ ಕೂತಿದ್ದರು. ಕಾಫಿ ಇರಬೇಕು ಅಂದುಕೊಂಡೆ. ಆದರೆ ಒಂದೊಂದು ಗುಟುಕಿಗೂ ಮುಖ ಕಿವುಚುತ್ತಿದ್ದರು.

“ಏನಪ್ಪಾ ಅದು?”

“ಹೊಳೆಮತ್ತಿ ತೊಗಟೆ ಕಷಾಯ ಕಣಮ್ಮ. ಹದಿನೈದು ದಿನ ಆಯ್ತು. ಹಾರ್ಟಿಗೆ ಬಹಳ ಒಳ್ಳೇದು.”

ಹಿಂದಿನಿಂದ ಅಮ್ಮನ ದನಿ ಬಂತು: “ಅದು ಶುರುವಾದ ಮೇಲೆ ರಾತ್ರಿ ಮಾತ್ರೆ ಮುಟ್ಟಿಲ್ಲ. ಅದನ್ನೂ ಹೇಳಿ ಅವಳಿಗೆ.”

ಅಪ್ಪನಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ರಾತ್ರಿಯ ಮಾತ್ರೆ ಕೊಲೆಸ್ಟ್ರಾಲಿನದು. ನನಗೆ ಸಿಟ್ಟೂ ಬಂತು, ಭಯವೂ ಆಯಿತು. “ಯಾವ ವಾಟ್ಸಾಪ್ ಗ್ರೂಪಲ್ಲಿ ಬಂತಪ್ಪಾ ಇದು?” ಅಂದೆ. ಅಪ್ಪ ಎದ್ದು ಹೋಗಿ ಕಪ್ಪು ಬೈಂಡಿನ, ಚಿನ್ನದ ಬಣ್ಣದ ಅಕ್ಷರದ ಪುಸ್ತಕವೊಂದನ್ನು ತಂದು ಕ್ಯಾಮೆರಾ ಮುಂದೆ ಹಿಡಿದರು. “ವಾಟ್ಸಾಪ್ ಅಲ್ಲ. ನೀನೇ ಬರೆದಿರೋದು.”

ಅದು ನನ್ನ ಬಿ.ಇ. ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟು! ಅಟ್ಟ ಕ್ಲೀನ್ ಮಾಡುವಾಗ ಸಿಕ್ಕಿತಂತೆ.

ನಾನು ಓದಿದ್ದು ಬಯೋಟೆಕ್ನಾಲಜಿ, ಸೇರಿದ್ದು ಸಾಫ್ಟ್‌ವೇರ್. ನಮ್ಮ ಬ್ಯಾಚಿನ ಅರ್ಧಕ್ಕರ್ಧ ಜನರ ಕಥೆ ಇದೇ. ಆದರೆ ಆ ಕೊನೇ ಆರು ತಿಂಗಳು ಮಾತ್ರ ನಿಜವಾಗಿಯೂ ಲ್ಯಾಬಿನಲ್ಲಿ ಕೆಲಸ ಮಾಡಿದ್ದೆ. ವಿಷಯ: ಹೊಳೆಮತ್ತಿ ತೊಗಟೆಯಿಂದ ಆ್ಯಂಟಿಆಕ್ಸಿಡೆಂಟ್ ತೆಗೆಯುವುದು.

ಹೊಳೆಮತ್ತಿ ಅಂದರೆ ಗ್ರಂಥಿಗೆ ಅಂಗಡಿಯಲ್ಲಿ ‘ಅರ್ಜುನ’ ಅಂತ ಕೊಡ್ತಾರಲ್ಲ, ಅದೇ. ತೊರೆಮತ್ತಿ, ನೀರುಮತ್ತಿ ಅಂತಲೂ ಕರೀತಾರೆ. ಕಾವೇರಿ ದಡದಲ್ಲಿ, ರಂಗನತಿಟ್ಟಿನಲ್ಲಿ, ಮುತ್ತತ್ತಿ ಕಡೆ ಹೋದವರು ನೀರಿನ ಅಂಚಿಗೇ ನಿಂತ, ಬೂದು ಮಿಶ್ರಿತ ಬಿಳಿ ಕಾಂಡದ ದೊಡ್ಡ ಮರಗಳನ್ನು ನೋಡಿರ್ತೀರಿ. ಕಾಡಿನ ಕರಿಮತ್ತಿ ಬೇರೆ. ಅದರ ತೊಗಟೆ ಮೊಸಳೆ ಬೆನ್ನಿನ ಹಾಗೆ ಬಿರಿದಿರುತ್ತೆ. ಅಳಲೆಕಾಯಿ, ತಾರೆಕಾಯಿ ಮರಗಳೂ ಇದೇ ಕುಲದವು. ಎಲ್ಲದರಲ್ಲೂ ಒಗರು.

ಆ ಒಗರಿನಲ್ಲೇ ಇರುವುದು ವಿಷಯ. ಮರಕ್ಕೆ ತೊಗಟೆಯೇ ಚರ್ಮ. ಶಿಲೀಂಧ್ರ, ಹುಳು ಬಾರದಂತೆ ಮರ ಅಲ್ಲಿ ಟ್ಯಾನಿನ್, ಫ್ಲೇವನಾಯ್ಡ್, ಗ್ಯಾಲಿಕ್ ಆಮ್ಲದಂಥ ಪಾಲಿಫಿನಾಲ್‌ಗಳನ್ನು ತುಂಬಿಟ್ಟಿರುತ್ತೆ. ನಾವು ಕುಡಿದಾಗ ಟ್ಯಾನಿನ್ ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತೆ, ನಾಲಿಗೆ ಒಣಗಿದ ಹಾಗಾಗುತ್ತೆ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಕಷಾಯ ಶಾಯಿಯಷ್ಟು ಕಪ್ಪಾಗೋದೂ ಇದರಿಂದಲೇ.

ತೆಗೆಯೋದು ಕಷ್ಟವಲ್ಲ. ನೆರಳಲ್ಲಿ ಒಣಗಿಸು, ಮಿಕ್ಸಿಗೆ ಹಾಕು, ಸೂಕ್ತ ದ್ರಾವಕದಲ್ಲಿ ನೆನೆಸು ಇಲ್ಲವೇ ಬಿಸಿ ಮಾಡು, ಸೋಸು, ದ್ರಾವಕವನ್ನು ಆವಿ ಮಾಡು. ನೀರಿಗೆ ಬರುವುದು ಕೆಲವು, ಆಲ್ಕೋಹಾಲಿಗೆ ಬರುವುದು ಕೆಲವು. ಎರಡನ್ನೂ ಬೆರೆಸಿದರೆ ಪಾಲಿಫಿನಾಲ್ ಸಾಮಾನ್ಯವಾಗಿ ಹೆಚ್ಚು ಸಿಗುತ್ತೆ. ಪುಡಿ ಸಣ್ಣದಾದಷ್ಟೂ ಬೇಗ ಬಿಡುತ್ತೆ. ತುಂಬಾ ಹೊತ್ತು ತುಂಬಾ ಬಿಸಿ ಮಾಡಿದರೆ ಕೆಲವು ಹಾಳೂ ಆಗುತ್ತೆ. ಕೊನೆಗೆ ಉಳಿಯೋದು ಪಾಕ ಹದ ತಪ್ಪಿದ ಬೆಲ್ಲದಂಥ ಕೆಂಪುಕಂದು ಅಂಟು.

ಹಿಂದಿನವರ ವಿಧಾನವೂ ಲೆಕ್ಕಾಚಾರದ್ದೇ. ಆಯುರ್ವೇದದ ಕ್ಷೀರಪಾಕದಲ್ಲಿ ಒಂದು ಪಾಲು ಪುಡಿಗೆ ಎಂಟು ಪಾಲು ಹಾಲು, ಮೂವತ್ತೆರಡು ಪಾಲು ನೀರು. ನೀರೆಲ್ಲ ಇಂಗಿ ಹಾಲು ಉಳಿಯುವವರೆಗೆ ಸಣ್ಣ ಉರಿ. ಹಾಲಿನ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳೋದರಿಂದ ಒಗರು ತಗ್ಗುತ್ತೆ. ಅಪ್ಪ ಮಾತ್ರ ಬರೀ ನೀರಲ್ಲಿ, ಕೈಗೆ ಬಂದಷ್ಟು ಪುಡಿ ಹಾಕಿ ಕುದಿಸ್ತಿದ್ದರು.

ನಮ್ಮ ಪ್ರಾಜೆಕ್ಟಿನ ಹೀರೋ ಅಂದರೆ ಡಿಪಿಪಿಎಚ್ ಪರೀಕ್ಷೆ. 1958ರಿಂದ ಬಳಕೆಯಲ್ಲಿರೋ ಸರಳ ಪರೀಕ್ಷೆ ಇದು. ಡಿಪಿಪಿಎಚ್ ಅನ್ನೋದು ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುವ ವಸ್ತು, ಅಂದರೆ ‘ಫ್ರೀ ರ್‍ಯಾಡಿಕಲ್’. ಮೆಥನಾಲಿನಲ್ಲಿ ಕರಗಿಸಿದರೆ ಚೆಂದದ ಗಾಢ ನೇರಳೆ. ಅದಕ್ಕೆ ತೊಗಟೆಯ ಸಾರ ಹಾಕಿ ಅರ್ಧ ಗಂಟೆ ಕತ್ತಲಲ್ಲಿಡಬೇಕು. ಸಾರದಲ್ಲಿರುವ ಪಾಲಿಫಿನಾಲ್ ತನ್ನ ಹೈಡ್ರೋಜನ್ ಕೊಟ್ಟು ಅದನ್ನು ಸುಮ್ಮನಾಗಿಸುತ್ತೆ. ನೇರಳೆ ಹೋಗಿ ಹಳದಿ ಬರುತ್ತೆ. ಎಷ್ಟು ಬಣ್ಣ ಹೋಯಿತೆಂದು ಯಂತ್ರದಲ್ಲಿ 517 ನ್ಯಾನೋಮೀಟರ್ ಬೆಳಕು ಹಾಯಿಸಿ ಅಳೆಯೋದು. ಮೊದಲ ಸಲ ಹಳದಿ ಕಂಡಾಗ ನಾವು ನಾಲ್ಕು ಜನ ಹುಡುಗಿಯರು ಲ್ಯಾಬಲ್ಲಿ ಕುಣಿದಿದ್ದೆವು.

ಅದೇ ಖುಷಿಯಲ್ಲಿ ರಿಪೋರ್ಟಿನ ಕೊನೇ ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದೆ: ಈ ತೊಗಟೆ ನೈಸರ್ಗಿಕ ಆ್ಯಂಟಿಆಕ್ಸಿಡೆಂಟ್‌ಗಳ ಸಮೃದ್ಧ ಮೂಲ, ಹೃದಯದ ಕಾಯಿಲೆಗಳ ಚಿಕಿತ್ಸೆಗೆ ಬಳಸಬಹುದು. ಮೊದಲರ್ಧ ನಾವು ಅಳೆದದ್ದು. ಎರಡನೇ ಅರ್ಧ ನಾವು ಅಳೆದೇ ಇರಲಿಲ್ಲ. ಹಿಂದಿನ ಬ್ಯಾಚಿನವರು ಹಾಗೆ ಬರೆದಿದ್ದರು, ನಾವೂ ಬರೆದೆವು. ಮಾರ್ಕ್ಸು ಬಂತು. ಆ ವಾಕ್ಯಕ್ಕೆ ಅಪ್ಪ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದಿದ್ದರು.

ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಹಳೇ ಜೋಕಿದೆ. ಗ್ರಾಹಕರ ಹತ್ತಿರ ಪ್ರೋಗ್ರಾಂ ಓಡದೇ ಇದ್ದರೆ, ಬರೆದವನು “ನನ್ನ ಕಂಪ್ಯೂಟರಲ್ಲಿ ಓಡ್ತಿದೆಯಲ್ಲ” ಅನ್ನುತ್ತಾನೆ. ಟೆಸ್ಟ್‌ಟ್ಯೂಬಿನ ಆ್ಯಂಟಿಆಕ್ಸಿಡೆಂಟ್ ಕಥೆಯೂ ಹಾಗೇ. ಡಿಪಿಪಿಎಚ್ ನಮ್ಮ ದೇಹದಲ್ಲಿ ಇರುವ ವಸ್ತುವೇ ಅಲ್ಲ. ದೊಡ್ಡ ಟ್ಯಾನಿನ್‌ಗಳು ಕರುಳಿನಿಂದ ರಕ್ತಕ್ಕೆ ಹೋಗೋದು ಬಹಳ ಕಡಿಮೆ. ಕೆಲವನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಬೇರೆಯದೇ ವಸ್ತು ಮಾಡುತ್ತವೆ. ಲೋಟದಲ್ಲಿ ಇದ್ದದ್ದು ಹೃದಯ ತಲುಪುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ತಲುಪಿದರೂ ಒಳ್ಳೇದೇ ಮಾಡುತ್ತೆ ಅಂತಿಲ್ಲ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ವರ್ಷಗಟ್ಟಲೆ ಒಂದು ಅಧ್ಯಯನ ನಡೆಯಿತು. ಒಳ್ಳೇ ಆ್ಯಂಟಿಆಕ್ಸಿಡೆಂಟ್ ಅಂತ ಹೆಸರಾದ ಬೀಟಾ ಕ್ಯಾರೋಟಿನ್ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಬಹುದು ಅನ್ನೋ ನಿರೀಕ್ಷೆ ಇತ್ತು. 1994ರಲ್ಲಿ ಫಲಿತಾಂಶ ಬಂದಾಗ, ಅದನ್ನು ತಗೊಂಡವರಲ್ಲಿ ಕ್ಯಾನ್ಸರ್ 18 ಶೇಕಡಾ ಜಾಸ್ತಿಯಾಗಿತ್ತು. ಆಹಾರಗಳ ಆ್ಯಂಟಿಆಕ್ಸಿಡೆಂಟ್ ಅಂಕಗಳ ಪಟ್ಟಿ ಇಟ್ಟುಕೊಂಡಿದ್ದ ಅಮೆರಿಕದ ಕೃಷಿ ಇಲಾಖೆಯೂ 2012ರಲ್ಲಿ ಆ ಪಟ್ಟಿಯನ್ನು ತೆಗೆದುಹಾಕಿತು. ಕಂಪನಿಗಳು ಆ ಅಂಕಗಳನ್ನು ಜಾಹೀರಾತಿಗೆ ದುರುಪಯೋಗ ಮಾಡಿಕೊಳ್ಳುತ್ತಿದ್ದವು.

ಇದನ್ನೆಲ್ಲ ಫೋನಲ್ಲಿ ಹೇಳಿದರೆ ಅಪ್ಪ ಕೇಳಲಿಲ್ಲ. ಶನಿವಾರ ಬಸ್ ಹತ್ತಿ ಊರಿಗೆ ಹೋದೆ.

ಅಡುಗೆಮನೆಯಲ್ಲಿ ಒಂದು ಗಾಜಿನ ಲೋಟದಲ್ಲಿ ನೀರು ಹಾಕಿ, ಗಾಯಕ್ಕೆ ಹಚ್ಚೋ ಅಯೋಡಿನ್ ದ್ರಾವಣ ಐದಾರು ಹನಿ ಬಿಟ್ಟೆ. ನೀರು ಕಂದಾಯಿತು. ಅರ್ಧ ನಿಂಬೆಹಣ್ಣು ಹಿಂಡಿದೆ. ಬಣ್ಣ ಮಾಯ! “ನೋಡಿ ಅಪ್ಪ, ನಿಂಬೆಯ ವಿಟಮಿನ್ ಸಿ ಮಾಡಿದ ಕೆಲಸ. ನನ್ನ ಪ್ರಾಜೆಕ್ಟಲ್ಲಿ ಆಗಿದ್ದೂ ಹೆಚ್ಚುಕಡಿಮೆ ಇಷ್ಟೇ. ಹಾಗಂತ ದಿನಾ ಪಾನಕ ಕುಡಿದು ಸ್ಟೆಂಟಿನ ಮಾತ್ರೆ ಬಿಡ್ತೀರಾ?” (ಮಕ್ಕಳಿಗೆ ತೋರಿಸೋರು ಆ ನೀರನ್ನು ಮರೀದೆ ಚೆಲ್ಲಿಬಿಡಿ.)

ಅಪ್ಪ ನಿವೃತ್ತ ಮೇಷ್ಟ್ರು, ಸುಲಭಕ್ಕೆ ಸೋಲೋರಲ್ಲ. “ಸರಿ, ಉಪಯೋಗ ಇಲ್ಲ ಅಂತಲೇ ಇಟ್ಕೋ. ತೊಂದರೆ ಏನು?” ಅಂದರು. ಮಾತ್ರೆಗಳನ್ನು ಕರಗಿಸುವ ಯಕೃತ್ತಿನ ಕೆಲವು ಕಿಣ್ವಗಳನ್ನು ಈ ತೊಗಟೆಯ ಸಾರ ತಡೆಯುತ್ತೆ ಅಂತ ಪ್ರಯೋಗಾಲಯದ ಅಧ್ಯಯನ ಇದೆ, ಹಾಗಾದರೆ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರಬಹುದು ಅಂದೆ. ಅಪ್ಪ ತಕ್ಷಣ ಹಿಡಿದರು: “ಅದೂ ನಿನ್ನ ಗಾಜಿನ ಕೊಳವೆಯ ಮಾತೇ ಅಲ್ವೇನಮ್ಮ?”

ಹೌದು, ಅದೂ ಕೊಳವೆಯ ಮಾತೇ. ನನ್ನ ಬಾಯಿ ಕಟ್ಟಿತು. ಅಲ್ಲೇ ರಾಜಿಯೂ ಆಯಿತು. ಕೊಳವೆಯ ಮಾತು ನಂಬಿ ಕಷಾಯ ಶುರು ಮಾಡೋದೂ ಬೇಡ, ಅದೇ ಮಾತಿಂದ ಹೆದರಿಸೋದೂ ಬೇಡ; ಅಪ್ಪನ ಎದೆ, ರಕ್ತ, ಮಾತ್ರೆ ಚೀಟಿ ಎಲ್ಲ ನೋಡಿದ ಡಾಕ್ಟರನ್ನೇ ಕೇಳೋಣ ಅಂತ.

ಸೋಮವಾರ ರಜೆ ಹಾಕಿ ಕರೆದುಕೊಂಡು ಹೋದೆ. ಡಾಕ್ಟರು ಬೈಯಲಿಲ್ಲ. ರಕ್ತ ಪರೀಕ್ಷೆ ಬರೆದುಕೊಟ್ಟರು. ಕೆಟ್ಟ ಕೊಲೆಸ್ಟ್ರಾಲ್ ಹಿಂದಿನ ಸಲಕ್ಕಿಂತ ಮೇಲೇರಿತ್ತು. “ಸ್ಟೆಂಟ್ ಹಾಕಿದ ಮೇಲೆ ಮಾತ್ರೆ ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ ಯಜಮಾನ್ರೇ. ಕಷಾಯ ಕುಡೀಬೇಕು ಅನಿಸಿದರೆ ಮೊದಲು ನನಗೆ ಹೇಳಿ” ಅಂದರು. ಊರಿನ ಆಯುರ್ವೇದ ವೈದ್ಯರ ಹತ್ತಿರವೂ ಹೋದೆವು. ಅವರು ಮಾತ್ರೆ ಚೀಟಿ ಓದಿ, “ಇಷ್ಟೆಲ್ಲ ನಡೀತಿರುವಾಗ ನಾನಾಗಿದ್ದರೂ ಕೇಳದೆ ಕೊಡ್ತಿರಲಿಲ್ಲ” ಅಂದುಬಿಟ್ಟರು. ಅಪ್ಪನಿಗೆ ನಾಟಿದ್ದು ಆ ಮಾತು.

ಸಂಜೆ ಹೊಳೆ ಕಡೆ ಹೋದೆವು. ಅಪ್ಪ ತೊಗಟೆ ಕೆತ್ತಿದ ಮರ ತೋರಿಸಿದರು. ಎರಡು ಅಂಗೈಯಗಲ ಗಾಯ, ಸದ್ಯ ಒಂದೇ ಪಕ್ಕ. ಈ ಮರದ ಹೊರತೊಗಟೆ ತಾನಾಗಿಯೇ ಚಕ್ಕೆ ಚಕ್ಕೆಯಾಗಿ ಉದುರುತ್ತೆ. ಒಳಪದರ ಉಳಿಸಿ ಒಂದು ಪಕ್ಕದಿಂದ ತೆಗೆದರೆ ಮತ್ತೆ ಬೆಳೆಯುತ್ತೆ. ಕಾಂಡದ ಸುತ್ತ ಪೂರ್ತಿ ಸುಲಿದರೆ ಎಲೆಯ ಆಹಾರ ಬೇರಿಗೆ ಇಳಿಯೋ ದಾರಿಯೇ ಮುಚ್ಚಿ ಮರ ಸಾಯುತ್ತೆ. ಅಪ್ಪ ಗಾಯದ ಅಂಚು ಸವರಿ, “ಪಾಪ, ಇದು ತನಗೋಸ್ಕರ ಮಾಡಿಟ್ಟುಕೊಂಡಿದ್ದ ಔಷಧಿ” ಅಂದರು.

ರಿಪೋರ್ಟನ್ನು ಮತ್ತೆ ಅಟ್ಟಕ್ಕೆ ಹಾಕೋ ಮುಂಚೆ ಆ ಕೊನೇ ವಾಕ್ಯದ ಎರಡನೇ ಅರ್ಧವನ್ನು ನಾನೇ ಪೆನ್ನಿಂದ ಹೊಡೆದು ಹಾಕಿದೆ. ನಿಮ್ಮ ಮನೆಯಲ್ಲೂ ಯಾರಾದರೂ ಮಾತ್ರೆ ಜೊತೆ ತೊಗಟೆ, ಬೇರು, ಪುಡಿ ತಗೋತಿದ್ದರೆ ಜಗಳ ಆಡಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಡಬ್ಬಿಯನ್ನೂ ಮಾತ್ರೆಗಳ ಜೊತೆ ಬ್ಯಾಗಿಗೆ ಹಾಕಿಕೊಳ್ಳಿ.

ಅಂದಹಾಗೆ, ಅಪ್ಪ ಈಗ ರಾತ್ರಿ ಒಂಬತ್ತಕ್ಕೆ ಮಾತ್ರೆ ನುಂಗಿ, ಖಾಲಿ ಪಟ್ಟಿಯ ಫೋಟೋ ಕಳಿಸ್ತಾರೆ. ನಾನು ಕೇಳಿರಲಿಲ್ಲ. “ಪ್ರೂಫ್ ಬೇಕಲ್ಲ ನಿಮಗೆ” ಅಂತಾರೆ.